ಕಬ್ಬಿಣ ಕಮ್ಮಿ, ಬೇರಿಯಮ್ ಜಾಸ್ತಿ: ಒಂದು ನಕ್ಷತ್ರ ಅಳೆದ ನನ್ನ ಅನುಭವ

ಸೂರ್ಯನ ಥರದ್ದೇ ನಕ್ಷತ್ರ, ಆದ್ರೆ ವಯಸ್ಸು ಚಿಕ್ಕದು, ಜೋರಾಗಿ ಸುತ್ತುತ್ತೆ. ಅದರ ಸ್ಪೆಕ್ಟ್ರಮ್, ಅಂದ್ರೆ ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕು, ಇಳಿಸ್ಕೊಂಡು ಅದರಲ್ಲಿ ಒಂದೊಂದು ಮೂಲವಸ್ತು ಬೆಳಕು ಹೀರಿ ಬಿಟ್ಟಿರೋ ಕಪ್ಪು ಗೆರೆಗಳನ್ನ (ಲೈನ್) ಒಂದೊಂದಾಗಿ ಅಳೆದು ಲೆಕ್ಕ ಹಾಕಿದ್ರೆ ಕಬ್ಬಿಣ ಸೂರ್ಯನಿಗಿಂತ ಕಮ್ಮಿ, ಬೇರಿಯಮ್ ವಿಪರೀತ ಜಾಸ್ತಿ ಬಂತು. ಕಬ್ಬಿಣ ಕಮ್ಮಿ ಇರೋದು ಸಾಮಾನ್ಯವಾಗಿ ಹಳೇ ನಕ್ಷತ್ರಗಳಲ್ಲಿ, ಮೊನ್ನೆ ಮೊನ್ನೆ ಹುಟ್ಟಿದ ನಕ್ಷತ್ರದಲ್ಲಿ ಯಾಕೆ ಕಮ್ಮಿ ಇರುತ್ತೆ? ತಪ್ಪು ನಂದೇ ಇರ್ಬೇಕು ಅಂತ ಮತ್ತೆ ಮತ್ತೆ ಅಳೆದೆ, ಅದೇ ಉತ್ತರ.

ಸುಳಿವು ಸಿಕ್ಕಿದ್ದು ಮೈಕ್ರೋಟರ್ಬುಲೆನ್ಸ್‌ನಲ್ಲಿ, ಅಂದ್ರೆ ನಕ್ಷತ್ರದ ಅನಿಲದ ಸಣ್ಣ ಸಣ್ಣ ಅಲುಗಾಟದ ವೇಗ, ಲೈನ್‌ಗಳಿಗೆ ಹೊಂದೋ ಹಾಗೆ ಲೆಕ್ಕದ ಪ್ರೋಗ್ರಾಮ್ ಆರಿಸೋ ನಂಬರ್. ಸೂರ್ಯನಿಗೆ ಅದು ಸೆಕೆಂಡಿಗೆ 1 ಕಿ.ಮೀ. ಆಸುಪಾಸು, ನಂಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬರ್ತಿತ್ತು. ಆಮೇಲೆ ಅದೇ ನಕ್ಷತ್ರದ ಬೇರೆ ವರ್ಷದ ಸ್ಪೆಕ್ಟ್ರಮ್ ತಂದು ಒಂದರ ಮೇಲೊಂದು ಇಟ್ಟು ನೋಡ್ದೆ. 557.6 ನ್ಯಾನೋಮೀಟರ್‌ನ ಕಬ್ಬಿಣದ ಲೈನ್‌ಗೆ ಕಾಂತಕ್ಷೇತ್ರ ತಟ್ಟೋದೇ ಇಲ್ಲ, ಎರಡೂ ವರ್ಷ ಒಂದೇ ಥರ ಕೂತಿತ್ತು. ಅದೇ 617.3ರ ಲೈನ್ ಕಾಂತಕ್ಷೇತ್ರ ಇದ್ರೆ ಚೆನ್ನಾಗಿ ಸೀಳುತ್ತೆ, ಅದು ಒಂದು ವರ್ಷ ಅಂಚಲ್ಲಿ ಸ್ವಲ್ಪ ಉಬ್ಬಿತ್ತು. ಆ ವರ್ಷದ್ದೇ 393.4ರ ಕ್ಯಾಲ್ಸಿಯಮ್ ಲೈನ್ ನೋಡಿದ್ರೆ ತಳದಲ್ಲಿ ಬೆಳಕು ಎದ್ದು ನಿಂತಿದೆ, ಅಂದ್ರೆ ನಕ್ಷತ್ರ ಆಗ ಪೂರಾ ಆಕ್ಟಿವ್, ಕಾಂತಕ್ಷೇತ್ರ ಜೋರಾಗಿತ್ತು.

ಸುತ್ತೋದ್ರಿಂದ ಲೈನ್ ಅಗಲ ಆಗುತ್ತೆ, ಆದ್ರೆ ಒಟ್ಟು ವಿಸ್ತೀರ್ಣ ಬದಲಾಗಲ್ಲ. ಕಾಂತಕ್ಷೇತ್ರ ಹಾಗಲ್ಲ, ಇನ್ನು ಹೆಚ್ಚು ಹೀರೋಕಾಗದಷ್ಟು ತುಂಬಿ ಹೋಗಿರೋ ಗಟ್ಟಿ ಲೈನನ್ನ ಸೀಳಿ ಇನ್ನಷ್ಟು ಬೆಳಕು ಹೀರೋ ಹಾಗೆ ಮಾಡುತ್ತೆ, ಪ್ರೋಗ್ರಾಮ್ ಅದನ್ನ ಟರ್ಬುಲೆನ್ಸ್ ಅಂದ್ಕೊಂಡು ಆ ನಂಬರ್ ಏರಿಸುತ್ತೆ, ಆಗ ಅದೇ ಲೈನ್‌ಗೆ ಕಮ್ಮಿ ಕಬ್ಬಿಣವೇ ಸಾಕು ಅಂತ ಲೆಕ್ಕದಲ್ಲಿ ಕಬ್ಬಿಣ ಇಳಿದುಬಿಡುತ್ತೆ. ನಕ್ಷತ್ರದಲ್ಲಿ ಕಬ್ಬಿಣ ಎಲ್ಲೂ ಹೋಗಿರಲ್ಲ!

ಆಮೇಲೆ ಗಟ್ಟಿ ಲೈನ್‌ಗಳನ್ನೆಲ್ಲ ಕೈಬಿಟ್ಟು, ವಾತಾವರಣದ ಆಳದಲ್ಲಿ ಹುಟ್ಟೋ ಸಣ್ಣ ಲೈನ್‌ಗಳನ್ನ ಮಾತ್ರ ಇಟ್ಕೊಂಡೆ, ಕಬ್ಬಿಣ ಸೂರ್ಯನ ಹತ್ರಕ್ಕೆ ವಾಪಸ್ ಬಂತು. ಬೇರಿಯಮ್ ಮಾತ್ರ ಪೂರ್ತಿ ಇಳೀಲಿಲ್ಲ, ಅದರ ಲೈನ್‌ಗಳೆಲ್ಲ ಗಟ್ಟಿ, ಮೇಲಿನ ಪದರದಲ್ಲಿ ಹುಟ್ಟೋವು, ಬದಲಿಗೆ ಹಿಡಿಯೋಕೆ ಸಣ್ಣ ಲೈನೇ ಸಿಗಲ್ಲ.

ಲಿಥಿಯಮ್ ಕಥೆ ಬೇರೆ, ಅಲ್ಲಿ ಬದಲಾವಣೆ ನಿಜವಾದ್ದು. ಸುಮಾರು 25 ಲಕ್ಷ ಡಿಗ್ರಿಲಿ ಅದು ಉರಿದು ಹೋಗುತ್ತೆ, ಹುಟ್ಟಿದಾಗಿನ ಪ್ರಮಾಣ ಹಾಗೇ ಉಳಿಸ್ಕೊಂಡಿರೋ ಉಲ್ಕಾಶಿಲೆಗೆ ಹೋಲಿಸಿದ್ರೆ ಸೂರ್ಯನ ಮೇಲ್ಮೈಲಿ ಉಳಿದಿರೋದು ನೂರೈವತ್ತರಲ್ಲಿ ಒಂದು ಪಾಲು ಅಷ್ಟೇ. ಕೃತ್ತಿಕೆ ಗುಂಪಲ್ಲಿ ಸೂರ್ಯನಿಗಿಂತ ಸ್ವಲ್ಪ ತಂಪಾದ ನಕ್ಷತ್ರಗಳ ಪೈಕಿ ಜೋರಾಗಿ ಸುತ್ತೋವೇ ಲಿಥಿಯಮ್ ಜಾಸ್ತಿ ಉಳಿಸ್ಕೊಂಡಿವೆ. ನನ್ನ ನಕ್ಷತ್ರದಲ್ಲಿ 670.8ರ ಲಿಥಿಯಮ್ ಲೈನ್ ಪಕ್ಕದ ಕಬ್ಬಿಣದ ಜೊತೆ ಬೆರೆತು ಒಂದೇ ಹಳ್ಳ ಆಗಿತ್ತು, ಬೇರೆ ಲೈನ್‌ಗಳಿಂದ ಕಬ್ಬಿಣದ ಪಾಲು ಲೆಕ್ಕ ಹಾಕಿ ಕಳೆದೆ. ಕಳೆದ ಮೇಲೂ ಲಿಥಿಯಮ್ ಧಾರಾಳವಾಗಿ ಉಳೀತು.