ಕೇದಾರಕಂಠದ ಹಿಮದಲ್ಲಿ ಟೆಂಟ್ ಹಾಕಿ ಮಲಗುವುದು: ಒಬ್ಬಳೇ ಹೋದಾಗ, ಗೆಳೆಯರ ಜೊತೆ ಹೋದಾಗ

ಪುಣೆಯಲ್ಲಿ ಇದ್ದುಕೊಂಡು ಹಿಮದಲ್ಲಿ ಟೆಂಟ್ ಹಾಕೋದನ್ನು ಎಲ್ಲಿ ಕಲಿತೆ ಅಂತ ತುಂಬ ಜನ ಕೇಳುತ್ತಾರೆ. ಅರ್ಧ ಸಹ್ಯಾದ್ರಿಯಲ್ಲಿ ಕಲಿತೆ, ಇನ್ನರ್ಧ ಕೇದಾರಕಂಠದಲ್ಲಿ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಈ ಬೆಟ್ಟ ಸುಮಾರು 12,500 ಅಡಿ ಎತ್ತರ. ಇದಕ್ಕಿಂತ ದೊಡ್ಡ ಬೆಟ್ಟಗಳು ಸುತ್ತಮುತ್ತ ಬೇಕಾದಷ್ಟಿವೆ, ಆದರೆ ನನ್ನ ಮನಸ್ಸು ಕೂತಿರೋದು ಇದರ ಮೇಲೆ. ಚಳಿಗಾಲದಲ್ಲೂ ಹತ್ತಬಹುದು, ಟೆಂಟ್ ಹಾಕಲು ಕಾಡಿನ ನಡುವೆ ಜಾಗ ಇದೆ, ತುದಿಯಲ್ಲಿ ನಿಂತರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್ ಒಟ್ಟಿಗೆ ಕಾಣುತ್ತವೆ. ಒಬ್ಬಳೇ ಹೋಗಿದ್ದೇನೆ, ಗೆಳೆಯರನ್ನು ಕಟ್ಟಿಕೊಂಡೂ ಹೋಗಿದ್ದೇನೆ. ಎರಡರಲ್ಲೂ ಚಳಿ ಕಾಡುವ ರೀತಿ ಬೇರೆ ಬೇರೆ.

ತಯಾರಿ ಶುರುವಾಗುವುದು ಪುಣೆ ಹತ್ತಿರದ ಸಿಂಹಗಡ ಕೋಟೆಯಲ್ಲಿ. ಸ್ವಾರಗೇಟ್‌ನಿಂದ ಬೆಳಗಿನ ಮೊದಲ ಬಸ್ ಹಿಡಿದು ಗಡದ ಬುಡಕ್ಕೆ ಹೋದರೆ ಅಲ್ಲಿಂದಲೇ ಏರು. ಬೆನ್ನಿನ ಬ್ಯಾಗಿಗೆ ನೀರಿನ ಬಾಟಲಿ ತುಂಬಿಕೊಂಡು ಹತ್ತುತ್ತೇನೆ, ಮೇಲೆ ಹೋದ ಮೇಲೆ ಅಷ್ಟೂ ನೀರನ್ನು ಗಿಡಗಳಿಗೆ ಸುರಿದು ಹಗುರಾಗಿ ಇಳಿಯುತ್ತೇನೆ. ಮಂಡಿ ಉಳಿಯುತ್ತದೆ. ಭಾರಕ್ಕಿಂತ ಜಾಸ್ತಿ ಅಭ್ಯಾಸ ಬೇಕಾಗಿರುವುದು ವೇಗದ್ದು, ಅಂದರೆ ಏದುಸಿರಿಲ್ಲದೆ ಮಾತಾಡುತ್ತಾ ಹತ್ತುವಷ್ಟು ನಿಧಾನ. ಓಡಿ ಹತ್ತಿ, ಬೆನ್ನೆಲ್ಲ ಒದ್ದೆ ಮಾಡಿಕೊಂಡು ಕೂತರೂ ಸಿಂಹಗಡದಲ್ಲಿ ಏನೂ ಆಗುವುದಿಲ್ಲ, ಪಿಠಲ ಭಾಕರಿ ತಿಂದು, ಮಡಕೆ ಮೊಸರು ಕುಡಿದು ಎದ್ದು ಬರಬಹುದು. ಹಿಮದಲ್ಲಿ ಅದೇ ಒದ್ದೆ ಬೆನ್ನು ಸ್ವಲ್ಪ ಹೊತ್ತಿಗೇ ನಡುಕ ಹುಟ್ಟಿಸುತ್ತದೆ. ನೀರು ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ರಾತ್ರಿ ನಿದ್ದೆ ಬರುತ್ತೋ ಇಲ್ಲವೋ ಅನ್ನುವುದು ಹಗಲು ಎಷ್ಟು ಬೆವರಿದೆ ಅನ್ನುವುದರ ಮೇಲೆ ನಿಂತಿದೆ. ನಾನು ಹೊಸಬರಿಗೆ ಮೊದಲು ಹೇಳುವ ಮಾತು ಇದೇ.

ಆಮೇಲೆ ಸಹ್ಯಾದ್ರಿಯ ಇನ್ನೊಂದು ಬೆಟ್ಟದ ಕೋಟೆ, ಹರಿಶ್ಚಂದ್ರಗಡ. ಜನವರಿಯಲ್ಲಿ ಖಿರೇಶ್ವರ ಹಳ್ಳಿಯಿಂದ ತೋಲಾರ್ ಖಿಂಡ್ ಎಂಬ ಕಣಿವೆದಾರಿಯ ಮೇಲೆ ಹತ್ತಿ, ಮೇಲೆ ಟೆಂಟ್ ಹಾಕಿದರೆ ರಾತ್ರಿ ಸೊಗಸಾದ ಚಳಿ ಸಿಗುತ್ತದೆ, ಅದರ ಜೊತೆ ಕೊಂಕಣಕಡಾ ಪ್ರಪಾತದ ಕಡೆಯಿಂದ ಗಾಳಿ. ಮಂಜುಗಡ್ಡೆ ಇರುವುದಿಲ್ಲ ನಿಜ. ಆದರೆ ಕತ್ತಲಲ್ಲಿ, ಗ್ಲೌಸ್ ಹಾಕಿಕೊಂಡು, ಹೆಡ್‌ಲ್ಯಾಂಪ್ ಬೆಳಕಲ್ಲಿ ಟೆಂಟ್ ಎಬ್ಬಿಸೋದು, ಸ್ಟೋವ್ ಹಚ್ಚೋದು, ಯಾವ ವಸ್ತು ಬ್ಯಾಗಿನ ಯಾವ ಮೂಲೆಯಲ್ಲಿದೆ ಅಂತ ಕೈಗೇ ಗೊತ್ತಾಗೋದು, ಇದೆಲ್ಲ ಅಲ್ಲೇ ರೂಢಿಯಾಗಬೇಕು. ನಾನು ಮೊದಲು ಒಬ್ಬಳೇ ಟೆಂಟಿನಲ್ಲಿ ಮಲಗಿದ್ದೂ ಅಲ್ಲೇ. ಬೆಳಿಗ್ಗೆ ಕೇದಾರೇಶ್ವರ ಗುಹೆಯ ನೀರಿಗೆ ಕಾಲಿಟ್ಟು ಶಿವಲಿಂಗಕ್ಕೆ ಸುತ್ತು ಹಾಕಿದರೆ ಹಿಮದ ನೀರು ಹೇಗಿರುತ್ತದೆ ಅನ್ನುವ ಅಂದಾಜೂ ಸಿಕ್ಕಿಬಿಡುತ್ತದೆ.

ಸಾಮಾನಿನ ವಿಷಯಕ್ಕೆ ಬರೋಣ. ಎಲ್ಲರೂ ಸ್ಲೀಪಿಂಗ್ ಬ್ಯಾಗಿಗೆ ದುಡ್ಡು ಸುರಿಯುತ್ತಾರೆ, ಕೆಳಗೆ ಹಾಸುವ ಮ್ಯಾಟ್ ಅನ್ನು ಯಾವುದೋ ಒಂದು ಅಂತ ತರುತ್ತಾರೆ. ಬ್ಯಾಗಿನ ಒಳಗಿನ ಸಿಂಥೆಟಿಕ್ ನಾರಾಗಲಿ ಗರಿಯಾಗಲಿ ಬೆಚ್ಚಗಿಡುವುದು ಅದು ಉಬ್ಬಿಕೊಂಡು ಗಾಳಿಯನ್ನು ಹಿಡಿದಿಟ್ಟುಕೊಂಡಾಗ. ನಮ್ಮ ಮೈಭಾರಕ್ಕೆ ಕೆಳಗಿನ ಭಾಗ ಅಪ್ಪಚ್ಚಿಯಾಗಿರುತ್ತದೆ, ಅಲ್ಲಿಂದ ಚಳಿ ನೇರ ಬೆನ್ನಿಗೆ. ನಾನು ಎರಡು ಮ್ಯಾಟ್ ಹಾಕುತ್ತೇನೆ. ಕೆಳಗೆ ಮಡಚುವ ಫೋಮ್ ಮ್ಯಾಟ್, ಮೇಲೆ ಗಾಳಿ ತುಂಬುವುದು. ಗಾಳಿಯದು ತೂತಾದರೂ ಫೋಮ್ ಇರುತ್ತದೆ. ಮ್ಯಾಟ್, ಸಾಕ್ಸ್, ಥರ್ಮಲ್, ಕೈಗವಸು ಸ್ವಂತದ್ದು. ದಪ್ಪ ಜಾಕೆಟ್, ಮೈಕ್ರೋಸ್ಪೈಕ್ (ಜಾರದಂತೆ ಬೂಟಿಗೆ ಸಿಕ್ಕಿಸುವ ಮುಳ್ಳು), ಗೇಟರ್ (ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಕವಚ) ಬಾಡಿಗೆಗೆ ಸಾಕು. ಹತ್ತಿ ಬಟ್ಟೆ ಒಂದೂ ಬೇಡ, ಒಳಬಟ್ಟೆಯೂ ಹತ್ತಿಯದು ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಮಲಗುವುದಕ್ಕೆ ಅಂತಲೇ ಒಂದು ಜೊತೆ ಉಣ್ಣೆ ಸಾಕ್ಸ್, ಒಂದು ಥರ್ಮಲ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರುತ್ತೇನೆ. ಏನೇ ಆಗಲಿ ಹಗಲು ಅದನ್ನು ಬಿಚ್ಚುವುದಿಲ್ಲ.

ನಮ್ಮ ಗುಂಪು ಪುಣೆಯ ಕನ್ನಡದವರದ್ದು. ಹಿಂಜವಡಿಯಲ್ಲಿ ಕೆಲಸ ಮಾಡುವವರು ಜಾಸ್ತಿ, ಗದಗ, ಧಾರವಾಡ, ಉಡುಪಿ ಕಡೆಯವರು. ಹೊರಡುವ ಮುಂಚಿನ ಭಾನುವಾರ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಎಲ್ಲರೂ ಬ್ಯಾಗು ತಂದು ನೆಲದ ಮೇಲೆ ಸುರುವಬೇಕು. ಬೇಡದ್ದನ್ನು ಅಲ್ಲೇ ತೆಗೆದಿಡುತ್ತೇವೆ. ಊಟದ ವಿಷಯದಲ್ಲಿ ಮಾತ್ರ ಉತ್ತರ ಕರ್ನಾಟಕದವರ ಮಾತೇ ಕೊನೆ, ಅದರಲ್ಲಿ ನ್ಯಾಯವೂ ಇದೆ. ಖಡಕ್ ರೊಟ್ಟಿಯಲ್ಲಿ ನೀರಿನಂಶ ಇಲ್ಲದಿರುವುದರಿಂದ ಹೆಪ್ಪುಗಟ್ಟುವುದಿಲ್ಲ. ಬ್ರೆಡ್ಡು, ಚಪಾತಿ ಕಲ್ಲಾಗುವ ಚಳಿಯಲ್ಲೂ ರೊಟ್ಟಿ ಹಾಗೇ ಮುರಿಯುತ್ತದೆ. ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಮತ್ತೆ ಅಂಟಿನ ಉಂಡಿ. ಮಲಗುವ ಮುಂಚೆ ಒಂದು ಅಂಟಿನ ಉಂಡಿ ತಿಂದರೆ ಅದರ ತುಪ್ಪ, ಬೆಲ್ಲ, ಒಣಕೊಬ್ಬರಿ ರಾತ್ರಿಯಿಡೀ ಮೈ ಕಾಯಿಸುತ್ತದೆ. ಪೇಟೆಯ ಎನರ್ಜಿ ಬಾರ್ ಚಳಿಗೆ ಹಲ್ಲಿಗೇ ಬಗ್ಗುವುದಿಲ್ಲ, ನಾನು ಒಯ್ಯುವುದನ್ನೇ ಬಿಟ್ಟಿದ್ದೇನೆ.

ಪುಣೆಯಿಂದ ದೆಹಲಿಗೆ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಹೋಗುತ್ತೇವೆ. ಬೆಳಗಾವಿಯ ಗೆಳತಿ ಅಲ್ಲಿಂದಲೇ ಅದೇ ರೈಲು ಹತ್ತಿ ಬರುತ್ತಾಳೆ, ಅವಳ ಬುತ್ತಿಯೂ ಬರುತ್ತದೆ. ಸ್ಟೋವಿನ ಗ್ಯಾಸ್ ಕ್ಯಾನಿಸ್ಟರನ್ನು ರೈಲಲ್ಲೂ ಒಯ್ಯುವಂತಿಲ್ಲ, ವಿಮಾನದಲ್ಲೂ ಒಯ್ಯುವಂತಿಲ್ಲ. ದೆಹಲಿಯಿಂದ ಮುಂದೆ ಡೆಹ್ರಾಡೂನ್‌ಗೆ ಹೋಗುತ್ತೇವಲ್ಲ, ಅದನ್ನು ಅಲ್ಲೇ ಕೊಳ್ಳಿ. ಕೊಳ್ಳುವಾಗ ಒಳಗೆ ಏನಿದೆ ಅಂತ ಓದಿ. ಬರೀ ಬ್ಯೂಟೇನ್ ಆದರೆ ಸೊನ್ನೆ ಡಿಗ್ರಿಯ ಹತ್ತಿರವೇ ಗ್ಯಾಸ್ ಆಗುವುದು ನಿಲ್ಲಿಸಿಬಿಡುತ್ತದೆ, ಪ್ರೊಪೇನ್ ಬೆರೆತ ಕ್ಯಾನಿಸ್ಟರ್ ಬೇಕು. ರಾತ್ರಿ ಅದೂ ನನ್ನ ಜೊತೆ ಸ್ಲೀಪಿಂಗ್ ಬ್ಯಾಗಿನೊಳಗೇ. ಫೋನು, ಪವರ್ ಬ್ಯಾಂಕ್, ಹೆಡ್‌ಲ್ಯಾಂಪ್ ಕೂಡ.

ಡೆಹ್ರಾಡೂನ್‌ನಿಂದ, ಚಾರಣ ಶುರುವಾಗುವ ಹಳ್ಳಿ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್. ಪುರೋಲಾ, ಮೋರಿ ದಾಟಿ ಹೋಗುವ ಇಡೀ ದಿನದ ದಾರಿ, ಮೋರಿಯಿಂದ ನೈತ್ವಾರ್‌ವರೆಗೆ ಟೋನ್ಸ್ ನದಿಯ ಪಕ್ಕದಲ್ಲೇ. ನೈತ್ವಾರ್‌ನಲ್ಲಿ ಗೋವಿಂದ ವನ್ಯಧಾಮದ ಚೀಟಿ ಮಾಡಿಸಬೇಕು. ಒಬ್ಬಳೇ ಅಂದೆನಲ್ಲ, ಗೈಡ್ ಇಲ್ಲದೆ ಅಂತ ಅರ್ಥ ಮಾಡಿಕೊಳ್ಳಬೇಡಿ. ಸಾಂಕ್ರಿಯ ಗೈಡ್ ಒಬ್ಬರು ಯಾವಾಗಲೂ ಜೊತೆಗಿರುತ್ತಾರೆ, ಟೆಂಟ್ ಮಾತ್ರ ಬೇರೆ ಬೇರೆ. ಎಲ್ಲಿ ತಂಗಬಹುದು ಅನ್ನುವುದು ಅವರ ಮಾತು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿತು. ಆ ಹುಲ್ಲು ಒಮ್ಮೆ ಕಿತ್ತುಹೋದರೆ ಮತ್ತೆ ಚಿಗುರಲು ವರ್ಷಗಳು ಬೇಕು, ಆದೇಶ ಸರಿಯಾಗಿಯೇ ಇದೆ.

ಮೊದಲ ರಾತ್ರಿ ಜೂಡಾ ಕಾ ತಾಲಾಬ್ ಹತ್ತಿರ, ಸುಮಾರು 9,000 ಅಡಿಯಲ್ಲಿ. ಕೊಳ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ, ಅದರ ಮೇಲೆ ನಡೆಯಲು ನಾನು ಯಾರನ್ನೂ ಬಿಡುವುದಿಲ್ಲ. ತಲುಪಿದ ತಕ್ಷಣ ಒದ್ದೆ ಬನಿಯನ್ ಬದಲಾಯಿಸಬೇಕು, ಆಮೇಲೆ ಟೆಂಟು. ಸುಮ್ನೆ ಹಿಮದ ಮೇಲೆ ಟೆಂಟ್ ಬಿಡಿಸಿದರೆ ರಾತ್ರಿ ಮೈ ಬಿಸಿಗೆ ಕೆಳಗೆ ಗುಂಡಿ ಬಿದ್ದು, ಸೊಂಟ ಒಂದು ಕಡೆ, ತಲೆ ಒಂದು ಕಡೆ ಆಗುತ್ತದೆ. ಟೆಂಟಿಗಿಂತ ಸ್ವಲ್ಪ ದೊಡ್ಡ ಜಾಗವನ್ನು ಬೂಟಿನಲ್ಲಿ ಚೆನ್ನಾಗಿ ತುಳಿಯಬೇಕು. ಎಲ್ಲರೂ ಹೆಗಲಿಗೆ ಹೆಗಲು ಕೊಟ್ಟು ಅಡ್ಡಡ್ಡ ತುಳಿಯುತ್ತೇವೆ, ಆಮೇಲೆ ಉದ್ದುದ್ದ. ತುಳಿದ ಮೇಲೆ ಅರ್ಧ ಗಂಟೆ ಬಿಡಬೇಕು. ಹಿಮದ ಕಣಗಳು ಒಂದಕ್ಕೊಂದು ಅಂಟಿಕೊಂಡು ನೆಲ ಗಟ್ಟಿಯಾಗುತ್ತದೆ. ಮಾಮೂಲಿ ಗೂಟ ಹಿಮದಲ್ಲಿ ನಿಲ್ಲುವುದಿಲ್ಲ. ಕೆಳಗೆ ಬಿದ್ದಿರುವ ಗಟ್ಟಿ ಕಡ್ಡಿಗೆ ಹಗ್ಗ ಸುತ್ತಿ, ಒಂದು ಮೊಳ ಆಳದಲ್ಲಿ ಅಡ್ಡ ಮಲಗಿಸಿ, ಮೇಲೆ ಹಿಮ ಮುಚ್ಚಿ ತುಳಿದರೆ ಬೆಳಿಗ್ಗೆ ಕೀಳುವುದೇ ಕಷ್ಟ. ಹಿಮ ಹೊತ್ತ ಕೊಂಬೆಯ ಕೆಳಗೆ ಬೇಡ, ತಗ್ಗಿನಲ್ಲೂ ಬೇಡ, ತಣ್ಣನೆ ಗಾಳಿ ಇಳಿದು ಬಂದು ತಗ್ಗಿನಲ್ಲೇ ನಿಲ್ಲುತ್ತದೆ.

ನೀರು ಕಾಯಿಸುವುದಕ್ಕೆ ತುಂಬ ಹೊತ್ತು ಹೋಗುತ್ತದೆ. ಪಾತ್ರೆಗೆ ಬರೀ ಹಿಮ ತುಂಬಿ ಒಲೆ ಮೇಲಿಟ್ಟರೆ ತಳ ಸೀದು ನೀರಿಗೆ ಕಮಟು ವಾಸನೆ ಬರುತ್ತದೆ. ಎರಡು ಗುಟುಕಿನಷ್ಟಾದರೂ ನೀರು ಮೊದಲು ಹಾಕಬೇಕು, ಅದು ಬಿಸಿಯಾದ ಮೇಲೆ ಹಿಮವನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಬೇಕು. ಹೊಸದಾಗಿ ಬಿದ್ದ ಹಿಮ ಹತ್ತು ಪಾತ್ರೆ ಕರಗಿದರೆ ಒಂದು ಪಾತ್ರೆ ನೀರು. ಆದ್ದರಿಂದ ಹಳೆಯ, ಗಟ್ಟಿ ಹಿಮವನ್ನೇ ಕಡಿದು ತರುತ್ತೇವೆ. ಎಷ್ಟೇ ಚಳಿಯಿರಲಿ, ಸ್ಟೋವ್ ಟೆಂಟಿನೊಳಗೆ ಹಚ್ಚಬಾರದು. ಕಾರ್ಬನ್ ಮೋನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ. ಕುದ್ದ ನೀರನ್ನು ಬಾಟಲಿಗೆ ತುಂಬಿ, ಸಾಕ್ಸಿನೊಳಗೆ ತೂರಿಸಿ, ಸ್ಲೀಪಿಂಗ್ ಬ್ಯಾಗಿನ ಕಾಲ ಬುಡದಲ್ಲಿಟ್ಟರೆ ಬೆಳಿಗ್ಗೆ ಕುಡಿಯುವ ನೀರೂ ಅದೇ. ಟೆಂಟಿನ ಕಿಂಡಿ ತೆರೆದೇ ಇರಲಿ. ಮುಚ್ಚಿದರೆ ನಮ್ಮ ಉಸಿರೇ ಛಾವಣಿಯ ಒಳಗೆ ಹರಳುಗಟ್ಟಿ, ಬೆಳಿಗ್ಗೆ ಮೈ ಮೇಲೆ ಉದುರಿ ಎಲ್ಲ ಒದ್ದೆ ಮಾಡುತ್ತದೆ. ರಾತ್ರಿ ಮೂತ್ರ ಬಂದರೆ ತಡೆದುಕೊಂಡು ಮಲಗಬೇಡಿ, ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ. ಎದ್ದು ಹೋಗಿ ಬನ್ನಿ, ನಿದ್ದೆ ಹತ್ತುತ್ತದೆ. ಹೊರಗೆ ಹೋಗಬೇಕಲ್ಲ ಅಂತ ಸಂಜೆಯಿಂದಲೇ ನೀರು ಕುಡಿಯದೆ ಇರುವುದಂತೂ ಎತ್ತರದಲ್ಲಿ ಅಪಾಯ.

ಒಬ್ಬಳೇ ಇದ್ದಾಗ ನನ್ನ ಮೈಯನ್ನು ನಾನೇ ಕಾಯಬೇಕು. ಆಗಾಗ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ನೋಡುತ್ತೇನೆ. ಮುಟ್ಟಿಸಲು ಕಷ್ಟ ಆಯಿತು ಅಂದರೆ ಕೈ ಮರಗಟ್ಟುತ್ತಿದೆ, ಆ ಕ್ಷಣವೇ ನಿಂತು ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಒಬ್ಬಳೇ ಇದ್ದಾಗಿನ ಅನುಕೂಲ ಅಂದರೆ ನನ್ನ ವೇಗ ನನ್ನದು, ಬೆವರದೆ ನಡೆಯಬಹುದು. ಸಂಜೆ ಮಾತಿಲ್ಲದೆ ಓಕ್ ಮರಗಳ ನಡುವೆ ಕೂತು ಹಿಮ ಕರಗಿಸುವ ಆ ಒಂದು ಗಂಟೆ ನನಗೆ ತುಂಬ ಪ್ರಿಯ.

ಗುಂಪಿನಲ್ಲಿ ಕಾಡುವ ತೊಂದರೆ ಅಂದರೆ ಮಧ್ಯೆ ಮಧ್ಯೆ ನಿಲ್ಲುವುದು. ಒಬ್ಬರ ಲೇಸು ಬಿಚ್ಚಿತು, ಇನ್ನೊಬ್ಬರಿಗೆ ಫೋಟೋ ಬೇಕು, ಎಲ್ಲರೂ ನಿಂತರು, ಅಷ್ಟರಲ್ಲಿ ಮೈ ತಣ್ಣಗಾಯಿತು. ಅದಕ್ಕೇ ನಮ್ಮ ಗದಗಿನ ಗೆಳೆಯ ನಿಂತಲ್ಲೆಲ್ಲ ಕೂಗುತ್ತಾನೆ, "ಲೇ, ಮೊದ್ಲ ಜಾಕೆಟ್ ಹಾಕ್ಕೋರಿ, ಆಮ್ಯಾಲ ಕೂಡ್ರಿ!" ನಡೆಯುವಾಗ ಇಬ್ಬಿಬ್ಬರ ಜೋಡಿ. ಎದುರಿನವರ ಮೂಗು, ಕೆನ್ನೆ ಬಿಳಿಚಿಕೊಂಡಿದೆಯಾ, ಮಾತು ತೊದಲುತ್ತಿದೆಯಾ ಅಂತ ಆ ಜೋಡಿಯೇ ನೋಡಬೇಕು. ಒಮ್ಮೆ ಶಿಖರಕ್ಕೆ ಮುಂಚಿನ ತಂಗುದಾಣವಾದ ಬೇಸ್ ಕ್ಯಾಂಪಿನಲ್ಲಿ ಧಾರವಾಡದ ಹುಡುಗಿ ಊಟ ಬೇಡ ಅಂದಳು. ಕೇಳಿದರೆ, "ತಲಿ ಸಿಡಿಲಿಕತ್ತದ ಅಕ್ಕಾ, ಆದ್ರ ನಾಳೆ ಹತ್ತೇ ಹತ್ತತೀನಿ." ತಲೆನೋವು, ಊಟ ಸೇರದಿರುವುದು, ವಾಕರಿಕೆ, ಇದು ಎತ್ತರದ ಕಾಯಿಲೆಯ ಶುರು. ಅದಕ್ಕೆ ನಂಬಬಹುದಾದ ಮದ್ದು ಕೆಳಗಿಳಿಯುವುದು. ಗೈಡ್ ಜೊತೆ ಮಾತಾಡಿ, ಕತ್ತಲಾಗುವ ಮೊದಲೇ ನಾನೂ ಅವಳೂ ಸಹಾಯಕ ಗೈಡ್ ಜೊತೆ ಜೂಡಾ ಕಾ ತಾಲಾಬ್‌ಗೆ ಇಳಿದೆವು. ಅಲ್ಲಿ ಅವಳು ಎರಡು ಬಟ್ಟಲು ಬೇಳೆ ಸಾರು ಕುಡಿದು ಮಲಗಿದಳು. ಉಳಿದವರು ಮರುದಿನ ಶಿಖರ ಮುಟ್ಟಿ ಬಂದರು. ಮಾರನೇ ವರ್ಷ ಅವಳೂ ಮುಟ್ಟಿದಳು, ತುದಿಯಲ್ಲಿರುವ ಶಿವನ ತ್ರಿಶೂಲದ ಮುಂದೆ ಉಂಡಿ ಹಂಚಿದಳು.

ಶಿಖರದ ದಿನ ನಸುಕಿಗೂ ಮುಂಚೆ ಹೊರಡುವುದು ಬರೀ ಸೂರ್ಯೋದಯಕ್ಕಲ್ಲ. ಬಿಸಿಲೇರಿದರೆ ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ, ಇಳಿಯುವಾಗ ಜಾರುತ್ತದೆ. ಕಪ್ಪು ಕನ್ನಡಕ ಕಡ್ಡಾಯ, ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇಕಡಾ 80 ಭಾಗವನ್ನು ವಾಪಸ್ ಕಣ್ಣಿಗೇ ಎಸೆಯುತ್ತದೆ. ಸನ್‌ಸ್ಕ್ರೀನನ್ನು ಗದ್ದದ ಕೆಳಗೂ, ಮೂಗಿನ ಹೊಳ್ಳೆಯ ಸುತ್ತಲೂ ಹಚ್ಚಿ.

ಯಾವಾಗ ಹೋಗೋದು ಅಂತ ಕೇಳಿದರೆ, ಡಿಸೆಂಬರ್ ಕೊನೆಯ ವಾರ ಖಂಡಿತ ಬೇಡ. ರಜೆಯ ಜನ ಅಷ್ಟೂ ಅಲ್ಲೇ ಇರುತ್ತಾರೆ, ಏರಿನಲ್ಲಿ ಸಾಲು ನಿಂತು ಕಾಯಬೇಕಾಗುತ್ತದೆ, ನಿಂತರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಗುಂಪಾದರೆ ಫೆಬ್ರುವರಿ ಮಧ್ಯ, ಹಿಮವೂ ಸಾಕಷ್ಟು, ಜನವೂ ಕಡಿಮೆ. ಒಬ್ಬಳೇ ಆದರೆ ನಾನು ಮಾರ್ಚ್ ಆರಿಸಿಕೊಳ್ಳುತ್ತೇನೆ. ಹಗಲು ಉದ್ದ ಇರುತ್ತದೆ, ಮೇಲೆ ಹಿಮ ಇನ್ನೂ ಇರುತ್ತದೆ, ಗೈಡ್‌ಗಳಿಗೂ ಬಿಡುವು ಇರುತ್ತದೆ. ಗೋವಾ ಎಕ್ಸ್‌ಪ್ರೆಸ್ ಟಿಕೆಟ್ ಮಾತ್ರ ಬುಕಿಂಗ್ ತೆರೆದ ದಿನವೇ ಮಾಡಿಸಿ.