ಬೈಲಕುಪ್ಪೆಯ ಮಂತ್ರ ನನ್ನ ಬಾಯಿಗೆ ಹತ್ತಿದ್ದು ಹೀಗೆ

ಹೋದ ಬುದ್ಧ ಪೂರ್ಣಿಮೆಯ ಹಿಂದಿನ ರಾತ್ರಿ ನನ್ನ ಒಂದು ಲಕ್ಷ ಮುಗಿಯಿತು. ಟಿಬೆಟ್‌ಗೆ ಬೌದ್ಧ ಧರ್ಮ ಒಯ್ದ ಗುರು ಪದ್ಮಸಂಭವರ ವಜ್ರಗುರು ಮಂತ್ರ, ಒಂದು ಲಕ್ಷ ಸಲ. ಲೆಕ್ಕದ ಪುಸ್ತಕದಲ್ಲಿ ಕೊನೆಯ ಗೆರೆ ಎಳೆದಾಗ ಹತ್ತೂಕಾಲು ಆಗಿತ್ತು. ಮನೆಯವರೆಲ್ಲ ಮಲಗಿದ್ದರು. ಯಾರಿಗೂ ಹೇಳದೆ ದೀಪ ಹಚ್ಚಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ.

"ಅರ್ಥ ಗೊತ್ತಿಲ್ಲದ ಮಂತ್ರ ಹೇಳಿ ಏನು ಬರುತ್ತೆ?" ಅಂತ ಕೇಳಿದವರು ಮಂಡ್ಯದಲ್ಲಿ ಹತ್ತಾರು ಜನ. "ಟಿಬೆಟ್‌ನವರ ದಾರಿ ನಮಗೆ ದಕ್ಕಲ್ಲ, ತ್ರಿಸರಣ ಪಂಚಶೀಲ ಹೇಳಿಕೊಂಡು ಇರು" ಅಂದವರು ಬೇರೆ ಯಾರೋ ಅಲ್ಲ, ಪ್ರತಿ ವರ್ಷ ಅಕ್ಟೋಬರ್ 14ರಂದು ಬಾಬಾಸಾಹೇಬರ ದೀಕ್ಷೆಯ ದಿನಕ್ಕೆ ನನ್ನ ಜೊತೆ ಸೇರುವ ಗೆಳೆಯರೇ. ಅವರಿಗೆ ಎದುರು ಕೂತು ಹೇಳಿದರೆ ವಾದ ಶುರುವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಗದ್ದೆಯ ಪಂಪ್‌ಸೆಟ್ ಸುಟ್ಟರೆ ನನ್ನ ಹತ್ತಿರ ಬರುತ್ತದೆ. ಇಪ್ಪತ್ತಾರು ವರ್ಷದಿಂದ ತಾಮ್ರದ ತಂತಿಯ ಸುತ್ತು ಎಣಿಸಿ ಬದುಕಿದವನು. ಅಪ್ಪ ತೀರಿಕೊಂಡ ಮೇಲೆ ವಿ.ಸಿ. ನಾಲೆ ಕೆಳಗಿನ ಗದ್ದೆಗೆ ನನಗೂ ತಮ್ಮನಿಗೂ ಜಗಳ ಹತ್ತಿತು. ಎರಡು ವರ್ಷ ರಾತ್ರಿ ಎರಡು ಗಂಟೆಗೆ ಎಚ್ಚರ. ಎದ್ದು ಕೂತು ತಮ್ಮನಿಗೆ ಹೇಳಬೇಕಾದ ಮಾತನ್ನು ಗೋಡೆಗೆ ಹೇಳುವುದು. ದಾರಿ ತೋರಿಸುವವರು ಯಾರಾದರೂ ಬೇಕಿತ್ತು.

ಮೊದಲು ಕಳೆದದ್ದು ಹೇಳುತ್ತೇನೆ. ಮೈಸೂರಿನ ಗೋಕುಲಂನಲ್ಲಿ ಎರಡು ದಿನದ ಶಿಬಿರ ಅಂತ ಒಂದಕ್ಕೆ ಆರೂವರೆ ಸಾವಿರ ಕಟ್ಟಿದೆ. ಕಂಚಿನ ಬಟ್ಟಲು ಬಾರಿಸಿದರು, ಕಣ್ಣು ಮುಚ್ಚಿ ಮಲಗಿ ಅಂದರು, ಮಲಗಿದೆ. ಅಲ್ಲೇ ಒಂದು ಬಟ್ಟಲನ್ನೂ ಕೊಂಡೆ, ಎರಡು ಸಾವಿರದ ಎಂಟುನೂರು. ಮನೆಗೆ ಬಂದ ಮೂರನೇ ರಾತ್ರಿ ಮತ್ತೆ ಎರಡು ಗಂಟೆಗೆ ಎಚ್ಚರ. ಆಮೇಲೆ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ ಮಾಡಿದೆ. ಅದಕ್ಕೆ ಶುಲ್ಕ ಇಲ್ಲ, ನಿಮಗೆ ಗೊತ್ತಿರೋದೇ. ಅದನ್ನು ನಾನು ಒಂದು ಮಾತೂ ದೂರುವುದಿಲ್ಲ, ಅಲ್ಲಿ ಕಲಿತ ಕೂರುವ ಶಿಸ್ತೇ ಇವತ್ತಿಗೂ ನನ್ನ ಬಂಡವಾಳ. ಆದರೆ ಮನೆಯಲ್ಲಿ ಮೂರು ವಾರ ದಾಟಲಿಲ್ಲ. ದಿನವಿಡೀ ಮೋಟಾರಿನ ಗುಂಯ್‌ಗುಟ್ಟುವ ಸದ್ದಿನಲ್ಲಿ ಇರುವ ಕಿವಿ ನನ್ನದು. ಅದಕ್ಕೆ ಹಿಡಿದುಕೊಳ್ಳಲು ಒಂದು ಶಬ್ದ ಬೇಕು.

ಹಾಗೆ ಟಿಬೆಟನ್ನರ ಊರು ಬೈಲಕುಪ್ಪೆಗೆ ಹೋದೆ. ಮೊದಮೊದಲು ಭಾನುವಾರವೇ ಹೋಗುತ್ತಿದ್ದೆ, ಅಂಗಡಿ ರಜೆ ಅಂತ. ಮಂಡ್ಯದಿಂದ ಮೈಸೂರು, ಅಲ್ಲಿಂದ ಮಡಿಕೇರಿ ಬಸ್ಸು, ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಪ್ಪದಲ್ಲಿ ಇಳಿದು ಆಟೋ. ಊಟ, ದೀಪದ ಕಾಣಿಕೆ ಎಲ್ಲ ಸೇರಿ ಒಂದು ಸಲಕ್ಕೆ ಐನೂರು ರೂಪಾಯಿ ಹತ್ತಿರ ಆಗುತ್ತಿತ್ತು. ಭಾನುವಾರ ಅಲ್ಲಿನ ದೊಡ್ಡ ಮಠ ನಾಮ್‌ಡ್ರೋಲಿಂಗ್‌ನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಚಿನ್ನದ ಬಣ್ಣದ ಮೂರು ಮೂರ್ತಿಗಳ ಮುಂದೆ ಬರೀ ಮೊಬೈಲು. 1963ರಲ್ಲಿ ಟಿಬೆಟನ್ ಗುರು ಪೆನೋರ್ ರಿಂಪೋಚೆ ಬಿದಿರಿನ ಗುಡಿ ಕಟ್ಟಿ ಶುರುಮಾಡಿದ ಜಾಗ ಇದು, ಇಲ್ಲಿಗೆ ಬಂದು ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರಲ್ಲ ಅಂತ ಸಂಕಟ ಆಗುತ್ತಿತ್ತು. ಐದು ಸಲ ಹೋದೆ. ಐದು ಸಲವೂ ಬರಿಗೈ.

ಆರನೇ ಸಲ ವಾರದ ದಿನ ಹೋದೆ, ಹತ್ತನೇ ತಿಥಿಗೆ. ಟಿಬೆಟನ್ ತಿಂಗಳ ಹತ್ತನೇ ದಿನ ಗುರು ಪದ್ಮಸಂಭವರದ್ದು. ನಮ್ಮ ಪಂಚಾಂಗದ ದಶಮಿಯನ್ನೇ ನಂಬಿ ಹೋಗಬೇಡಿ. ಅವರ ಲೆಕ್ಕದಲ್ಲಿ ಒಂದು ತಿಥಿ ಬಿಟ್ಟುಹೋಗುವುದು, ಒಂದು ಎರಡು ಸಲ ಬರುವುದು ಉಂಟು. ಒಮ್ಮೆ ಹಾಗೆ ಹೋದಾಗ ಪೂಜೆ ಹಿಂದಿನ ದಿನವೇ ಮುಗಿದಿತ್ತು. ಈಗ ಪ್ರತಿ ಲೋಸಾರ್‌ಗೆ, ಅಂದರೆ ಟಿಬೆಟನ್ ಹೊಸ ವರ್ಷಕ್ಕೆ, ಅವರ ಕ್ಯಾಲೆಂಡರನ್ನೇ ತಂದು ಅಂಗಡಿ ಗೋಡೆಗೆ ಹಾಕುತ್ತೇನೆ.

ಅವತ್ತು ಪೂಜೆಯಲ್ಲಿ ಗೋಡೆ ಪಕ್ಕ ಕೂತಿದ್ದೆ. ಉಂಜೆ, ಅಂದರೆ ಪಠಣ ನಡೆಸುವ ಭಿಕ್ಷು, ದನಿ ಎತ್ತಿದರು. ಎತ್ತಿದರು ಅನ್ನುವುದಕ್ಕಿಂತ ಇಳಿಸಿದರು ಅನ್ನಬೇಕು. ದೊಡ್ಡ ಥ್ರೀ ಫೇಸ್ ಮೋಟಾರು ಲೋಡ್ ಹಿಡಿದಾಗ ಬರುವ ಗುನುಗು ಇದೆಯಲ್ಲ, ಅಂಥ ದನಿ. ಆಮೇಲೆ ನೂರಾರು ಭಿಕ್ಷುಗಳು ಸೇರಿದರು. ತಾಳ, ನಗಾರಿ, ಉದ್ದನೆಯ ಕಹಳೆ. ನನ್ನ ಎದೆಯ ಮೂಳೆ ನಡುಗಿತು. ಎರಡು ವರ್ಷದಲ್ಲಿ ಮೊದಲ ಸಲ ತಮ್ಮನ ನೆನಪಿಲ್ಲದೆ ಒಂದು ಗಂಟೆ ಕಳೆಯಿತು.

ಅದನ್ನು ಮನೆಗೆ ತರಬೇಕು ಅನ್ನಿಸಿತು. ಫೋನಿನಲ್ಲಿ ಸಿಗುವ ಮಂತ್ರಗಳನ್ನು ಹಾಕಿ ನೋಡಿದೆ. ಹಿಂದೆ ಕೊಳಲು, ನೀರಿನ ಸದ್ದು, ಎಳೆದೆಳೆದು ಹಾಡುವುದು. ಗುಡಿಯ ವೇಗವೇ ಬೇರೆ. ಹಾಡು ಕೇಳಿದರೆ ಕೇಳುತ್ತಾ ಇರುತ್ತೇವೆ, ಬಾಯಿ ತೆರೆಯುವುದಿಲ್ಲ. ಅದನ್ನು ಬಿಟ್ಟೆ. ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಕನ್ನಡದಲ್ಲಿ ಬರೆದುಕೊಳ್ಳಲು ಕೂತೆ.

ಮೊದಲ ಮೂರು ತಿಂಗಳು ಪೂರ್ತಿ ದಂಡ. ಇಡೀ ಸಾಲು ಹಿಡಿಯಲು ನೋಡುತ್ತಿದ್ದೆ, ಅಷ್ಟರಲ್ಲಿ ಅವರು ನಾಲ್ಕು ಸಾಲು ಮುಂದೆ. ಸುಟ್ಟ ಮೋಟಾರಿನ ಕಾಯಿಲ್ ಬಿಚ್ಚುವಾಗ ಮಧ್ಯದಿಂದ ಎಳೆದರೆ ತಂತಿ ಕಗ್ಗಂಟಾಗುತ್ತದೆ, ತುದಿ ಹುಡುಕಬೇಕು. ಅದೇ ಮಾಡಿದೆ. ಪ್ರತಿ ಸಾಲಿನ ಕೊನೆಯ ಪದ ಮಾತ್ರ ಬರೆದೆ. ಮುಂದಿನ ಸಲ ಕೊನೆಯ ಎರಡು. ಹೀಗೆ ಬಾಲದಿಂದ ತಲೆಗೆ. ಪದ್ಮಸಂಭವರನ್ನು ಕರೆಯುವ ಏಳು ಸಾಲಿನ ಪ್ರಾರ್ಥನೆ ಪೂರ್ತಿ ನನ್ನ ಪುಸ್ತಕಕ್ಕೆ ಇಳಿಯಲು ಏಳೆಂಟು ತಿಂಗಳು ಹಿಡಿಯಿತು. ಪುಸ್ತಕ ಅಂಗಡಿಯಲ್ಲಿ ಇಂಗ್ಲಿಷ್ ಅಕ್ಷರದ ಪ್ರತಿ ಸಿಗುತ್ತದೆ, ಗೊತ್ತು. ಅದನ್ನು ಓದಿದರೆ ಕಣ್ಣು ಓದುತ್ತದೆ, ನಾಲಗೆ ತಪ್ಪುತ್ತದೆ. ಕಿವಿಯಿಂದ ಬರೆದದ್ದು ನಾಲಗೆಗೆ ನೇರ ಹೋಗುತ್ತದೆ.

ಒಂದು ದಿನ ಅಂಗಡಿಯಲ್ಲಿ ಕೂತು ನಾನೇ ಬರೆದ ಸಾಲನ್ನು ನೋಡುತ್ತಿದ್ದೆ. ಪೆಮಾ ಗೇಸರ್ ದೋಂಗ್‌ಪೋ ಲಾ. ಹತ್ತು ಸಲ ಹೇಳಿರಬೇಕು. ಇದ್ದಕ್ಕಿದ್ದಂತೆ ಗೊತ್ತಾಯಿತು. ಪೆಮಾ ಅಂದರೆ ಪದ್ಮ. ಗೇಸರ್ ಅಂದರೆ ಕೇಸರ, ತಾವರೆಯ ಕೇಸರ! ಬೆಂಜಾ ಗುರು ಅಂತ ಅವರು ಅನ್ನುವುದು ವಜ್ರಗುರು. ನಮ್ಮ ಕಡೆಯಿಂದಲೇ ಹಿಮಾಲಯ ದಾಟಿ ಹೋದ ಪದಗಳು ಬಾಯಿ ಬದಲಿಸಿಕೊಂಡು ಮತ್ತೆ ಪಿರಿಯಾಪಟ್ಟಣಕ್ಕೆ ಬಂದಿವೆ. ಅರ್ಥ ಗೊತ್ತಿಲ್ಲದ ಮಂತ್ರ ಅನ್ನುವವರಿಗೆ ನನ್ನ ಉತ್ತರ ಇದು. ಕನ್ನಡ ಬಲ್ಲವನಿಗೆ ಕಾಲುಭಾಗ ಅರ್ಥ ಮೊದಲೇ ಗೊತ್ತು, ಹೇಳುತ್ತಾ ಹೋದರೆ ತಾನೇ ಬಿಚ್ಚಿಕೊಳ್ಳುತ್ತದೆ.

ನನ್ನ ಜಪ ತಿದ್ದಿದವರು ಒಬ್ಬ ಟಿಬೆಟನ್ ಅಜ್ಜಿ. ಚಳಿಗಾಲದಲ್ಲಿ ಮೈಸೂರಿಗೆ ಬಂದು ಸ್ವೆಟರ್ ಮಾರುತ್ತಿದ್ದವರು, ಹಾಗಾಗಿ ಕನ್ನಡ ಬರುತ್ತದೆ. ಈಗ ದಿನಾ ಗುಡಿಯ ಸುತ್ತ ಕೋರಾ ಹಾಕುತ್ತಾರೆ, ಪ್ರದಕ್ಷಿಣೆ. ನಾನು ಹಿಂದೆ ಹಿಂದೆ ಜಪಮಾಲೆ ಹಿಡಿದು ಹೋಗುತ್ತಿದ್ದೆ. ಒಂದು ದಿನ ನಿಂತು ನನ್ನ ಹೆಬ್ಬೆರಳನ್ನೇ ನೋಡಿದರು. "ಅಣ್ಣಾ, ನೀನು ಎಣಿಸ್ತಾ ಇದೀಯ. ಹೇಳ್ತಾ ಇಲ್ಲ" ಅಂದರು. ನಿಜ. ಸುತ್ತು ಎಣಿಸಿ ಎಣಿಸಿ ಬೆರಳು ನಾಲಗೆಗಿಂತ ಮುಂದೆ ಓಡುತ್ತಿತ್ತು. ಅವರು ಮಣಿಯನ್ನು ತೋರುಬೆರಳಿನ ಮೇಲೆ ಸುಮ್ನೆ ಇಟ್ಟು, ಮಂತ್ರದ ಕೊನೆಯ ಪದ ಹೂಂ ಮುಗಿದ ಮೇಲೆ ಮಾತ್ರ ಹೆಬ್ಬೆರಳಿನಿಂದ ಎಳೆದು ತೋರಿಸಿದರು. ಅಷ್ಟೇ. ಅದರ ಹಿಂದಿನ ತಿಂಗಳುಗಳಲ್ಲಿ ಮಾಡಿದ ಸುಮಾರು ಹನ್ನೊಂದು ಸಾವಿರವನ್ನು ಲೆಕ್ಕದಿಂದ ಹೊಡೆದುಹಾಕಿ ಸೊನ್ನೆಯಿಂದ ಶುರುಮಾಡಿದೆ.

ಆಮೇಲೆ ಒಬ್ಬ ಹಿರಿಯ ಭಿಕ್ಷುಗಳಿಂದ ಲುಂಗ್ ತೆಗೆದುಕೊಂಡೆ, ಅಂದರೆ ಅವರು ಮಂತ್ರ ಓದಿ ನಮ್ಮ ಕಿವಿಗೆ ಕೊಡುವುದು. ನನ್ನ ಅರೆಬರೆ ಹಿಂದಿಯಲ್ಲಿ "ಗುರು ಯಾವಾಗ ಸಿಗುತ್ತಾರೆ?" ಅಂತ ಕೇಳಿದೆ. "ದಿನಾ ಹೇಳು. ಹತ್ತನೇ ದಿನ ಬಾ" ಅಂದರು. ದುಡ್ಡು ಕೇಳಲಿಲ್ಲ. ಬಿಳಿಯ ಖತಾ ಶಾಲು, ಜೊತೆಗೆ ನೂರಾ ಒಂದು ರೂಪಾಯಿ ನಾನೇ ಇಟ್ಟೆ.

ದಿನದ ಲೆಕ್ಕ ಹೀಗೆ. ಬೆಳಗ್ಗೆ ಐದಕ್ಕೆ ಮೂರು ಮಾಲೆ. ಒಂದು ಮಾಲೆಗೆ ಏಳೆಂಟು ನಿಮಿಷ. ಮಾಲೆಯಲ್ಲಿ 108 ಇದ್ದರೂ ನೂರು ಅಂತಲೇ ಬರೆಯಬೇಕು, ಉಳಿದ ಎಂಟು ತಪ್ಪಿದ್ದಕ್ಕೆ. ಲಕ್ಷಕ್ಕೆ ಸಾವಿರ ಮಾಲೆ. ಮದುವೆ, ಜ್ವರ, ಬೇಸಿಗೆಯಲ್ಲಿ ಮೋಟಾರು ಸಾಲುಗಟ್ಟುವ ತಿಂಗಳು ಎಲ್ಲ ಕಳೆದು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ನಮ್ಮ ಬಳಗದಲ್ಲಿ ಯಾರೂ ಇಷ್ಟು ಮಾಡಿಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ. ಮಾಲೆಗೆ ಮುಂಚೆ ಐದು ನಿಮಿಷ ನಾನು ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಕೂರಿಸಿಕೊಂಡೇ ತೋರಿಸಬೇಕು.

ಸಂಜೆ ಪಾಲಿ, ಅಂದರೆ ಗೆಳೆಯರು ಹೇಳುವ ತ್ರಿಸರಣ ಪಂಚಶೀಲ. ಅದನ್ನು ಬಿಟ್ಟಿಲ್ಲ, ಗೆಳೆಯರು ಗಮನಿಸಲಿ. ಚಿಕ್ಕವನಿದ್ದಾಗ ಶಾಲೆಯಲ್ಲಿ ಶಕಾರ ಬರಲ್ಲ ಅಂತ ನನಗೆ ಬೈಗುಳ ತಪ್ಪುತ್ತಿರಲಿಲ್ಲ. ಪಾಲಿಯಲ್ಲಿ ಶಕಾರವೇ ಇಲ್ಲ! ಬುದ್ಧಂ ಸರಣಂ ಗಚ್ಛಾಮಿ. ನಮ್ಮ ಮಂಡ್ಯದ ಬಾಯಿಗೆ ಎಷ್ಟು ಸಲೀಸು ನೋಡಿ. ಕಷ್ಟ ಆಗಿದ್ದು ಮಹಾಪ್ರಾಣ. ಬುದ್ಧ ಹೋಗಿ ಬುದ್ದ, ಸಂಘ ಹೋಗಿ ಸಂಗ. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿಗೆ ನಾಲ್ಕೈದು ಸಲ ರೈಲಿನಲ್ಲಿ ಹೋಗಿ ಗಾಂಧಿನಗರದಲ್ಲಿ ಕೂತು ಕೇಳಿಸಿಕೊಂಡೆ. ಮನೆಯಲ್ಲಿ ಬಾಯಿ ಮುಂದೆ ತೆಳು ಕಾಗದದ ಚೂರು ಹಿಡಿದು ಅಭ್ಯಾಸ ಮಾಡಿದೆ. ಧ, ಭ, ಖ ಬಂದಾಗ ಕಾಗದ ಹಾರಬೇಕು. ಅಂಗಡಿಯ ಇನ್ಸುಲೇಷನ್ ಪೇಪರ್ ಆಗಲ್ಲ, ದಪ್ಪ. ಬುದ್ಧನ ಗುಣ ಹೊಗಳುವ ಇತಿಪಿ ಸೋ ಭಗವಾ ಒಂದೇ ಉಸಿರಿಗೆ ಬುದ್ಧೋ ಭಗವಾತಿವರೆಗೆ ಹೋಗುವ ಉಪಾಯ ನನಗೆ ಸಿಕ್ಕಿದೆ. ಅದೂ ಎದುರಿಗೇ.

ಸಾಷ್ಟಾಂಗ ನಮಸ್ಕಾರದಲ್ಲಿ ಮಾತ್ರ ಏಟು ತಿಂದೆ. ಮೊಸಾಯಿಕ್ ನೆಲದ ಮೇಲೆ ದಿನಕ್ಕೆ 108 ಅಂತ ಹಠ ಹಿಡಿದು ಹನ್ನೆರಡನೇ ದಿನ ಮೊಣಕಾಲು ಊದಿತು. ಡಾಕ್ಟರು, ಎಕ್ಸ್‌ರೇ, ಮುಲಾಮು ಸೇರಿ ಎರಡು ಸಾವಿರದ ಮೇಲಾಯಿತು, ಮೂರು ವಾರ ಅಂಗಡಿಯಲ್ಲಿ ಬಗ್ಗುವ ಕೆಲಸ ಹುಡುಗನೇ ಮಾಡಿದ. ಈಗ ಏಳಡಿ ಪ್ಲೈವುಡ್ ಹಲಗೆ, ಮೊಣಕಾಲಿಗೆ ಹಳೇ ಕಂಬಳಿ, ಅಂಗೈ ಕೆಳಗೆ ಜಾರಲು ಬಟ್ಟೆ. ದಿನಕ್ಕೆ ಇಪ್ಪತ್ತೇಳು, ಜಾಸ್ತಿ ಇಲ್ಲ.

ಪಕ್ಕದ ಪ್ರಯೋಗಗಳೂ ಇದ್ದವು. ವೈಂಡಿಂಗ್ ಯಂತ್ರದ ಕೌಂಟರ್ ಬಿಚ್ಚಿ ಮಂತ್ರಕ್ಕೆ ಬಳಸಿದೆ. ಎರಡು ದಿನಕ್ಕೇ ಬಿಟ್ಟೆ, ಕಿವಿ ಟಕ್ ಸದ್ದಿಗೆ ಕಾಯುತ್ತದೆ. ದೀಪಕ್ಕೆ ಕಡಲೆಕಾಯಿ ಎಣ್ಣೆ, ವನಸ್ಪತಿ, ನಂದಿನಿ ತುಪ್ಪ ಮೂರನ್ನೂ ನೋಡಿದೆ. ತುಪ್ಪವೇ ಸರಿ, ಆದರೆ ದಿನಾ ಏಳು ದೀಪ ಅಂದರೆ ಕೈ ಕಚ್ಚುತ್ತದೆ, ಹಾಗಾಗಿ ಹುಣ್ಣಿಮೆಗೆ ಮತ್ತು ಹತ್ತನೇ ದಿನಕ್ಕೆ ಮಾತ್ರ. ತೆಂಗಿನ ಗರಿ ಪೊರಕೆಯ ಕಡ್ಡಿಗೆ ಹತ್ತಿ ಸುತ್ತಿ ಬಟ್ಟಲಿನ ನಡುವೆ ನೆಟ್ಟರೆ ಅವರ ದೀಪದ ಹಾಗೇ ನೆಟ್ಟಗೆ ಉರಿಯುತ್ತದೆ. ಸೀಲಿಂಗ್ ಫ್ಯಾನಿನ 6202 ಬೇರಿಂಗ್ ಹಾಕಿ ಒಂದು ಮಣಿ ಚಕ್ರವನ್ನೂ, ಅಂದರೆ ತಿರುಗಿಸುವ ಪ್ರಾರ್ಥನಾ ಚಕ್ರವನ್ನೂ ಮಾಡಿದ್ದೇನೆ. ಒಳಗೆ ಕನ್ನಡ ಅಕ್ಷರದಲ್ಲಿ ಓಂ ಮಣಿ ಪದ್ಮೇ ಹೂಂ ಬರೆದ ಉದ್ದನೆಯ ಕಾಗದ. ಮೊದಲ ಸಲ ಸುರುಳಿಯನ್ನು ತಿರುಗಾಮುರುಗ ಸುತ್ತಿಬಿಟ್ಟಿದ್ದೆ. ಚಕ್ರ ಬಲಕ್ಕೆ ತಿರುಗುವಾಗ ಅಕ್ಷರ ಓದುವ ಸಾಲಿನಲ್ಲೇ ಬರಬೇಕು. ಬಿಚ್ಚಿ ಮತ್ತೆ ಸುತ್ತಿದೆ. ಈಗ ಒಂದು ಸಲ ತಟ್ಟಿದರೆ ನಿಮಿಷದ ಮೇಲೆ ತಿರುಗುತ್ತದೆ.

ಇಷ್ಟರಿಂದ ಏನಾಯಿತು ಅಂದರೆ, ಸುಮಾರು ಅರವತ್ತು ಸಾವಿರ ಆಗಿದ್ದಾಗ ಗದ್ದೆಯ ವಿಷಯಕ್ಕೆ ಊರಿನಲ್ಲಿ ಪಂಚಾಯ್ತಿ ಸೇರಿತು. ಹಿಂದಿನ ಸಂಜೆ ಮೆತ್ತ ಸುತ್ತ, ಪಾಲಿಯ ಮೈತ್ರಿ ಸೂತ್ರ, ಹೇಳಿದ್ದೆ. ತಾಯಿ ತನ್ನ ಒಬ್ಬನೇ ಮಗನನ್ನು ಜೀವ ಕೊಟ್ಟಾದರೂ ಕಾಯುವ ಹಾಗೆ ಎಲ್ಲ ಜೀವಗಳ ಮೇಲೂ ಮನಸ್ಸು ಇರಲಿ ಅನ್ನುವ ಸಾಲು ಅದರಲ್ಲಿದೆ. ಪಂಚಾಯ್ತಿಯಲ್ಲಿ ತಮ್ಮ ಎದ್ದು ನಿಂತು ಕೈ ತೋರಿಸಿ ಮಾತಾಡಿದ. ನನ್ನ ಬಳಿ ವರ್ಷಗಟ್ಟಲೆ ಗೋಡೆಗೆ ಹೇಳಿ ಹೇಳಿ ಹದ ಮಾಡಿಟ್ಟ ಉತ್ತರ ಇತ್ತು. ಬಾಯಿ ತೆರೆದೆ. ಒಳಗೆ ಹೂಂ ನಡೆಯುತ್ತಿತ್ತು, ಅದು ಮುಗಿಯುವವರೆಗೆ ಕಾದೆ, ಮಣಿ ಎಳೆಯಲು ಕಾಯುವ ಹಾಗೆ. ಆ ಒಂದು ಗಳಿಗೆಯಲ್ಲಿ ಅವನ ಅಂಗಿಯ ಕಾಲರ್ ಹರಿದಿದ್ದು ಕಂಡಿತು. "ನಾಲೆ ಕಡೆಯ ದಾರಿ ನೀನೇ ಇಟ್ಕೊ" ಅಂದೆ. ನನಗೆ ನಷ್ಟವೇ, ಒಂದೂವರೆ ಗುಂಟೆ ಇರಬಹುದು. ಆ ರಾತ್ರಿ ಬೆಳಗಿನವರೆಗೆ ನಿದ್ದೆ ಮಾಡಿದೆ. ಆಮೇಲೂ ಒಮ್ಮೊಮ್ಮೆ ಎಚ್ಚರ ಆಗುತ್ತದೆ. ಈಗ ಗೋಡೆಗೆ ಮಾತಾಡುವುದಿಲ್ಲ, ಒಂದು ಮಾಲೆ ಮುಗಿಸಿ ಮಲಗುತ್ತೇನೆ.

ಸದ್ಯ ನೂರು ಅಕ್ಷರದ ಮಂತ್ರ ಹಿಡಿದಿದ್ದೇನೆ. ಬೆಂಜಾ ಸತೋ ಅಂತ ಕೇಳುವುದು ವಜ್ರಸತ್ತ್ವ. ನಲವತ್ತು ಅಕ್ಷರ ಪುಸ್ತಕಕ್ಕೆ ಇಳಿದಿದೆ. ಹೋದ ಹತ್ತನೇ ದಿನ ಅಜ್ಜಿ ನನ್ನ ನೋಟ್‌ಬುಕ್ ಕೇಳಿ ತಿರುವಿ ನೋಡಿದರು. ಅವರ ಮೊಮ್ಮಗ ಹೊರಗಡೆ ಹಾಸ್ಟೆಲ್‌ನಲ್ಲಿ ಬೆಳೆದ ಹುಡುಗ, ಟಿಬೆಟನ್ ಅಕ್ಷರ ಸರಿಯಾಗಿ ಬರುವುದಿಲ್ಲ, ಕನ್ನಡ ಪಟಪಟ ಓದುತ್ತಾನಂತೆ. ಹನ್ನೆರಡು ಪುಟ ಜೆರಾಕ್ಸ್ ಮಾಡಿಸಿ ಕೊಟ್ಟೆ. ನಾಲ್ಕು ಮಡಿಕೆ ಮಾಡಿ ಹಣೆಗೆ ಮುಟ್ಟಿಸಿಕೊಂಡು, ಪಟ್ಟೆಪಟ್ಟೆ ಏಪ್ರನ್ನಿನ ಒಳಗೆ ಸಿಕ್ಕಿಸಿಕೊಂಡು ಕೋರಾ ಮುಂದುವರಿಸಿದರು. ನಾನೂ ಹಿಂದೆಯೇ ನಡೆದೆ.