‘ನಂಬು’ ಬಿಟ್ಟು ‘ನಡೆದುಕೊಳ್ಳು’: ಗ್ರೀಕ್ ದೇವರುಗಳ ಪಾಠದಲ್ಲಿ ನನ್ನ ಅನುಭವ

ಹಾವೇರಿ ಕಡೆಯ ಪದವಿ ಕಾಲೇಜೊಂದರಲ್ಲಿ ನಾನು ಇತಿಹಾಸದ ಅಧ್ಯಾಪಕ. ಪ್ರಾಚೀನ ನಾಗರಿಕತೆಗಳ ಪತ್ರಿಕೆಯಲ್ಲಿ ಗ್ರೀಕರ ಧರ್ಮವನ್ನು ಯೆಹೂದಿ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳೊಡನೆ ಹೋಲಿಸಿ ಪಾಠ ಮಾಡುವ ಭಾಗ ನನ್ನ ಪಾಲಿಗೆ ಬಂದಿತ್ತು. ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಕಪ್ಪುಹಲಗೆಯ ನಡುವೆ ಗೆರೆ ಎಳೆದು, ಎಡಕ್ಕೆ ‘ಅನೇಕ ದೇವರು’ ಎಂದೂ ಬಲಕ್ಕೆ ‘ಒಬ್ಬನೇ ದೇವರು’ ಎಂದೂ ಬರೆದು, ಎಡಗಡೆ ಒಲಿಂಪಸ್ಸಿನ ಹನ್ನೆರಡು ಹೆಸರುಗಳನ್ನು ಪಟ್ಟಿ ಮಾಡಿದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅದೇ ಪಟ್ಟಿ ಹಿಂದಿರುಗಿತು. ಜೊತೆಗೆ, ನಾನು ಹೇಳದೇ ಇದ್ದ ಒಂದು ವಾಕ್ಯವೂ ಹಲವರ ಉತ್ತರದಲ್ಲಿತ್ತು: ‘ಗ್ರೀಕರ ಜೀಯಸ್ ಎಂದರೆ ನಮ್ಮ ಇಂದ್ರ.’

ತಪ್ಪು ಮಕ್ಕಳದಲ್ಲ. ಸಿಡಿಲು ಹಿಡಿದ ದೇವರಾಜನನ್ನು ಕಂಡರೆ ಇಂದ್ರನ ನೆನಪಾಗುವುದು ಸಹಜ. ಜೀಯಸ್ ಎಂಬ ಹೆಸರಿಗೆ ಮಾತ್ರ ಬೇರಿನ ನಂಟು ಇರುವುದು ಇಂದ್ರನೊಡನೆ ಅಲ್ಲ, ವೇದದ ದ್ಯೌಃ ಎಂಬ ಆಕಾಶದೇವತೆಯೊಡನೆ. ಬಿ.ಎಂ.ಶ್ರೀ. ಅವರು ಗ್ರೀಕ್ ನಾಟಕಕಾರ ಸೋಫೋಕ್ಲಿಸನ ಏಜಾಕ್ಸ್‌ನನ್ನು ಅಶ್ವತ್ಥಾಮನನ್ನಾಗಿ ಮಾಡಿದ್ದು ಕನ್ನಡ ರಂಗಭೂಮಿಗೆ ದೊಡ್ಡ ಲಾಭ. ಆದರೆ ಇತಿಹಾಸದ ಅಧ್ಯಾಪಕ ಅಂಥ ಅದಲುಬದಲು ಮಾಡಿದರೆ ತಿಳಿಯಬೇಕಾದ ವಿಷಯವೇ ಮರೆಯಾಗುತ್ತದೆ. ಗ್ರೀಕರಿಗೆ ವೇದದಂಥ ಶ್ರುತಿ ಇರಲಿಲ್ಲ, ಪುರೋಹಿತರ ಪ್ರತ್ಯೇಕ ಜಾತಿ ಇರಲಿಲ್ಲ. ಅಥೆನ್ಸಿನಲ್ಲಿ ನಗರದೇವತೆ ಅಥೆನಾಳ ಅರ್ಚಕಿ ಒಂದೇ ಮನೆತನದಿಂದ ಬರುತ್ತಿದ್ದಳಾದರೂ ಬೇರೆ ಎಷ್ಟೋ ಅರ್ಚಕ ಹುದ್ದೆಗಳನ್ನು ಚೀಟಿ ಎತ್ತಿ ತುಂಬುತ್ತಿದ್ದರು.

ಎರಡನೆಯ ವರ್ಷ ದೇವರುಗಳ ಸಂಖ್ಯೆಯನ್ನು ಬದಿಗಿಟ್ಟು ಬಲಿಪೀಠದಿಂದ ಆರಂಭಿಸಿದೆ. ಹೋಮರನ ಮಹಾಕಾವ್ಯ ಇಲಿಯಡ್ಡಿನ ಮೊದಲ ಸರ್ಗದಲ್ಲಿ ಅಪೊಲೊವಿಗೆ ಬಲಿ ಕೊಡುವ ಭಾಗವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ: ಕೈ ತೊಳೆಯುವುದು, ಜವೆಯ ಕಾಳು ಎರಚುವುದು, ಪಶುವಿನ ತಲೆಯನ್ನು ಹಿಂದಕ್ಕೆಳೆದು ಕೊಯ್ಯುವುದು, ತೊಡೆಯ ಎಲುಬುಗಳನ್ನು ಕೊಬ್ಬಿನಲ್ಲಿ ಸುತ್ತಿ ಬೆಂಕಿಗೆ ಹಾಕಿ ಮೇಲೆ ಮದ್ಯ ಸುರಿಯುವುದು, ಉಳಿದ ಮಾಂಸವನ್ನು ಸುಟ್ಟು ಎಲ್ಲರೂ ಹಂಚಿ ಉಣ್ಣುವುದು. ದೇವರಿಗೆ ಎಲುಬು ಮತ್ತು ಹೊಗೆ, ಮನುಷ್ಯರಿಗೆ ಬಾಡು ಎಂಬ ಈ ವಿಚಿತ್ರ ಪಾಲುಪಟ್ಟಿಗೆ ಹೆಸಿಯೊಡ್ ಎಂಬ ಗ್ರೀಕ್ ಕವಿ ಕಾರಣ ಹೇಳುತ್ತಾನೆ. ಮೆಕೋನೆ ಎಂಬಲ್ಲಿ ಪ್ರೊಮಿಥಿಯಸ್ ಪಾಲು ಹಾಕುವಾಗ ಎಲುಬುಗಳನ್ನು ಹೊಳೆಯುವ ಕೊಬ್ಬಿನಡಿ ಮುಚ್ಚಿಟ್ಟು ಜೀಯಸ್‌ನ ಮುಂದಿಟ್ಟನಂತೆ. ತರಗತಿ ಅಂದು ಮೊದಲ ಸಲ ನಕ್ಕಿತು.

ನಗೆ ಮುಗಿದ ಮೇಲೆ ಕಲ್ಲಿನ ಶಾಸನವೊಂದಕ್ಕೆ ಬಂದೆ. ಅಥೆನ್ಸಿನ ಪೂರ್ವಕ್ಕೆ, ಇಂದಿನ ಸ್ಪಾಟಾ ಊರಿನ ಬಳಿ, ಎರ್ಖಿಯಾ ಎಂಬ ಹಳ್ಳಿಯಿತ್ತು. ಕ್ರಿಸ್ತಪೂರ್ವ 4ನೆಯ ಶತಮಾನದ ಅದರ ಬಲಿಗಳ ಪಂಚಾಂಗ ದೊರೆತಿದೆ. ವರ್ಷಕ್ಕೆ 59 ಬಲಿಗಳು. ಖರ್ಚು ಸರಿಸುಮಾರು ಸಮವಾಗಿ ಹಂಚಿಕೆಯಾಗಲೆಂದು ಅವನ್ನು ಐದು ಅಂಕಣಗಳಲ್ಲಿ ಕೆತ್ತಿದ್ದಾರೆ. ಪ್ರತಿ ಅಂಕಣಕ್ಕೂ ಸುಮಾರು 110 ದ್ರಾಖ್ಮಾ, ಅಂದರೆ ಗ್ರೀಕರ ಬೆಳ್ಳಿ ನಾಣ್ಯ. ಅದನ್ನು ಓದಿದರೆ ದೇವಸ್ತುತಿ ಸಿಗುವುದಿಲ್ಲ, ಜಮಾಖರ್ಚು ಸಿಗುತ್ತದೆ: ಇಂಥ ದಿನ, ಇಂಥ ಜಾಗ, ಇಂಥ ದೇವರು, ಇಂಥ ಪಶು, ಇಷ್ಟು ಬೆಲೆ. ಎಪೊಪೆತೆಸ್ ಎಂಬ ಜೀಯಸ್‌ಗೆ 3 ದ್ರಾಖ್ಮಾದ ಹಂದಿಮರಿ, ಇಡಿಯಾಗಿ ಸುಡಬೇಕು, ಮದ್ಯ ಕೂಡದು. ಮೈಲಿಕಿಯೋಸ್ ಎಂಬ ಜೀಯಸ್‌ಗೆ 12 ದ್ರಾಖ್ಮಾದ ಕುರಿ. ಹಲವು ನಮೂದುಗಳ ಕೊನೆಗೆ ‘ಒಯ್ಯುವಂತಿಲ್ಲ’ ಎಂಬ ಸೂಚನೆ, ಅಂದರೆ ಮಾಂಸವನ್ನು ಅಲ್ಲೇ ಉಂಡು ಮುಗಿಸಬೇಕು. ನಮ್ಮ ಊರಿನ ಕೆಲವು ಹರಕೆಗಳಲ್ಲೂ ಇದೇ ಕಟ್ಟಳೆ ಇದೆಯೆಂದು ಹಿಂದಿನ ಬೆಂಚಿನಿಂದ ಯಾರೋ ಹೇಳಿದರು.

ಒಂದೇ ಜೀಯಸ್‌ಗೆ ಇಷ್ಟು ಹೆಸರು ಏಕೆ, ಇವರೆಲ್ಲ ಒಬ್ಬನೇ ಅಥವಾ ಬೇರೆ ಬೇರೆಯವರೇ ಎಂಬ ಪ್ರಶ್ನೆಗೆ ನಾನು ಸಿದ್ಧಾಂತ ಹೇಳಲು ಹೋಗದೆ ಕ್ಸೆನೊಫೋನನ ಕಥೆ ಹೇಳುತ್ತೇನೆ. ಸೈನಿಕನೂ ಲೇಖಕನೂ ಆದ ಅವನು ಇದೇ ಎರ್ಖಿಯಾದವನು. ಪರ್ಷಿಯಾದಿಂದ ಸಿಪಾಯಿಗಳೊಡನೆ ಹಿಂದಿರುಗುವಾಗ ಅವನ ಕೈ ಬರಿದಾಗಿ, ಕುದುರೆಯನ್ನೂ ಮಾರಿಕೊಂಡಿದ್ದ. ದಾರಿಯುದ್ದಕ್ಕೂ ಅವನು ರಾಜ ಜೀಯಸ್‌ಗೆ ಬಲಿ ಕೊಟ್ಟವನೇ. ಆದರೆ ಪರಿಚಯದ ಕಣಿಗಾರನೊಬ್ಬ ಕರುಳು ನೋಡಿ, ಅಡ್ಡ ಬಂದಿರುವವನು ಮೈಲಿಕಿಯೋಸ್ ಜೀಯಸ್, ಮನೆಯಲ್ಲಿ ಕೊಡುತ್ತಿದ್ದ ಬಲಿಯನ್ನು ಊರು ಬಿಟ್ಟ ಮೇಲೆ ಅವನಿಗೆ ಕೊಟ್ಟಿದ್ದೀಯಾ ಎಂದು ಕೇಳಿದ. ಕೊಟ್ಟಿರಲಿಲ್ಲ. ಮರುದಿನ ಹಿರಿಯರ ಪದ್ಧತಿಯಂತೆ ಹಂದಿಮರಿಗಳನ್ನು ಇಡಿಯಾಗಿ ಸುಟ್ಟ. ಅದೇ ದಿನ ಸೈನ್ಯಕ್ಕೆ ಹಣ ತಂದವರು ಅವನ ಕುದುರೆಯನ್ನೂ ಹಿಂದಿರುಗಿಸಿದರು. ಹೆಸರು ಒಂದೇ ಆದರೂ ಬಾಕಿಯ ಖಾತೆ ಬೇರೆ. ಕ್ಸೆನೊಫೋನ್ ಮರೆತದ್ದು ನಂಬುವುದನ್ನಲ್ಲ, ಒಪ್ಪಿಸುವುದನ್ನು.

ಈ ಮಾತು ಮುಂದುವರಿಯುತ್ತಿದ್ದಾಗಲೇ ನನಗೆ ಬೇಕಾಗಿದ್ದ ಶಬ್ದ ಸಿಕ್ಕಿತು. ಕ್ರಿಸ್ತಪೂರ್ವ 399ರಲ್ಲಿ ಸಾಕ್ರೆಟಿಸನ ಮೇಲೆ ಹೊರಿಸಿದ ಆಪಾದನೆಯನ್ನು ನಾನು ‘ನಗರದ ದೇವರುಗಳನ್ನು ನಂಬದವನು’ ಎಂದು ಬರೆಸುತ್ತಿದ್ದೆ. ಮೂಲದಲ್ಲಿರುವ ಕ್ರಿಯಾಪದ ನೊಮಿಜೈನ್. ರೂಢಿ, ಕಟ್ಟಳೆ ಎಂಬರ್ಥದ ನೊಮೊಸ್ ಶಬ್ದದಿಂದ ಹುಟ್ಟಿದ್ದು. ಅದು ನಂಬಿಕೆಯನ್ನು ಕುರಿತದ್ದೋ ಆಚರಣೆಯನ್ನು ಕುರಿತದ್ದೋ ಎಂಬ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಅದನ್ನು ವಿವರಿಸಲು ನಾನು ತಡಕಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ, ನಾವು ಮೈಲಾರಲಿಂಗಪ್ಪಗ ನಡ್ಕೊಳ್ಳೋರ್ರಿ. ಅದs ಏನ್ರೀ ಇದು?” ಎಂದಳು. ಹೆಚ್ಚುಕಡಿಮೆ ಅದೇ. ನಮ್ಮ ಕಡೆ ಒಂದು ಮನೆತನ ಒಂದು ದೇವರಿಗೆ ‘ನಡೆದುಕೊಳ್ಳುತ್ತದೆ’ ಎಂದರೆ ಜಾತ್ರೆಗೆ ಹೋಗುವುದು, ಹರಕೆ ತೀರಿಸುವುದು, ಹಿರಿಯರು ಮಾಡಿದ್ದನ್ನು ಬಿಡದಿರುವುದು ಎಲ್ಲವೂ ಅದರಲ್ಲಿ ಸೇರಿರುತ್ತದೆ. ಇನ್ನೊಂದು ದೇವರಿಗೆ ನಡೆದುಕೊಳ್ಳಬಾರದು ಎಂಬುದು ಮಾತ್ರ ಸೇರಿರುವುದಿಲ್ಲ. ನನ್ನ ಟಿಪ್ಪಣಿಗಳಲ್ಲಿ ‘ನಂಬು’ ಇದ್ದ ಕಡೆಯೆಲ್ಲ ಆ ರಾತ್ರಿಯೇ ತಿದ್ದಿದೆ.

ಹೋಲಿಕೆಯ ಇನ್ನೊಂದು ಪಕ್ಕವೂ ಬಲಿಪೀಠದಿಂದಲೇ ತೆರೆದುಕೊಂಡಿತು. ಜೆರುಸಲೇಮಿನ ದೇವಾಲಯದಲ್ಲಿ ಕ್ರಿಸ್ತಶಕ 70ರಲ್ಲಿ ರೋಮನರು ಅದನ್ನು ಕೆಡವುವ ತನಕ ಪಶುಬಲಿ ನಡೆಯುತ್ತಿತ್ತು. ಹಾಗಾದರೆ ಬಲಿ ಕೊಡುವುದು ಬಿಡುವುದು ವ್ಯತ್ಯಾಸವಲ್ಲ. ‘ನನ್ನ ಹೊರತು ನಿನಗೆ ಬೇರೆ ದೇವರುಗಳಿರಬಾರದು’ ಎಂಬ ಬೈಬಲಿನ ಆಜ್ಞೆ ಕೂಡ, ಸೂಕ್ಷ್ಮವಾಗಿ ಓದಿದರೆ, ಬೇರೆ ದೇವರುಗಳು ಇಲ್ಲವೆಂದು ಹೇಳುವುದಿಲ್ಲ. ಅವರಿಗೆ ನಡೆದುಕೊಳ್ಳಬೇಡ ಎನ್ನುತ್ತದೆ. ಇಲ್ಲವೇ ಇಲ್ಲ ಎಂಬ ಸ್ಪಷ್ಟ ಮಾತು ಅದೇ ಬೈಬಲಿನ ಯೆಶಾಯನ ಗ್ರಂಥದ ಉತ್ತರಾರ್ಧದಲ್ಲಿ ಕೇಳಿಬರುತ್ತದೆ. ಇತ್ತ ಗ್ರೀಕರಲ್ಲೂ ‘ಒಬ್ಬ’ ಎಂಬ ಮಾತಿತ್ತು: ಕ್ಸೆನೊಫಾನೆಸ್ ಎಂಬ ಕವಿ ‘ದೇವರಲ್ಲೂ ಮನುಷ್ಯರಲ್ಲೂ ಮಹತ್ತಮನಾದ ಒಬ್ಬ ದೇವರು’ ಎಂದಾಗ, ಒಂದೇ ವಾಕ್ಯದಲ್ಲಿ ಒಬ್ಬನೂ ಇದ್ದಾನೆ, ಅನೇಕರೂ ಇದ್ದಾರೆ. ಇದನ್ನು ಕೇಳಿದ ಮೇಲೆ ಹಲಗೆಯ ಮೇಲಿನ ನಡುಗೆರೆಯನ್ನು ಎಲ್ಲಿ ಎಳೆಯಬೇಕೆಂದು ನಾನು ಮಕ್ಕಳನ್ನೇ ಕೇಳುತ್ತೇನೆ.

ಅದಕ್ಕಾಗಿ ಒಂದು ಘಟನೆಯನ್ನು ಎರಡು ಕಡೆಯಿಂದ ಬರೆಸುತ್ತೇನೆ. ಕ್ರಿಸ್ತಪೂರ್ವ 167ರಲ್ಲಿ ಆ ಸೀಮೆಯನ್ನು ಆಳುತ್ತಿದ್ದ ಗ್ರೀಕ್ ಮೂಲದ ಅರಸು ನಾಲ್ಕನೆಯ ಆಂಟಿಯೋಕಸ್ ಜೆರುಸಲೇಮಿನ ದೇವಾಲಯಕ್ಕೆ ಒಲಿಂಪಸ್ಸಿನ ಜೀಯಸ್‌ನ ಹೆಸರಿಟ್ಟ. ಗ್ರೀಕನ ಕಣ್ಣಿಗೆ ಇದರಲ್ಲಿ ತಪ್ಪೇನಿದೆ? ಪರಮದೇವನೊಬ್ಬನಿಗೆ ಇನ್ನೊಂದು ಹೆಸರು ಬಂತು, ಅಷ್ಟೆ. ಯೆಹೂದಿಯ ಕಣ್ಣಿಗೆ ಅದು ಪ್ರಾಣ ಕೊಟ್ಟಾದರೂ ತಡೆಯಬೇಕಾದ ಅಪಚಾರ, ದಂಗೆ ಎದ್ದುದೂ ನಿಜ. ಗ್ರೀಕನ ಪರವಾಗಿ ಬರೆಯುವವರಿಗೆ ಅರ್ಧ ಪುಟ ಸಾಲುತ್ತದೆ. ಯೆಹೂದಿಯ ಪರವಾಗಿ ಬರೆಯುವವರು, ನಮ್ಮ ದೇವರುಗಳ ನಡುವೆ ಬೆಳೆದವರಾದುದರಿಂದ, ಬಹಳ ಹೊತ್ತು ಪೆನ್ನು ಕಚ್ಚುತ್ತ ಕೂರುತ್ತಾರೆ. ಒಂದು ವರ್ಷ ಮುಸ್ಲಿಂ ವಿದ್ಯಾರ್ಥಿಯೊಬ್ಬ ಈ ಅಭ್ಯಾಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ. ಬಕ್ರೀದಿನ ಬಲಿಯ ಬಗ್ಗೆ ಕುರಾನ್‌ನ 22ನೆಯ ಅಧ್ಯಾಯದಲ್ಲಿ, ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ನಿಮ್ಮ ಭಕ್ತಿನಿಷ್ಠೆ ಎಂಬ ಅರ್ಥದ ಮಾತಿರುವುದನ್ನು ತೋರಿಸಿ, ಇದನ್ನು ಕೇಳಿದರೆ ಹೋಮರನ ಅಪೊಲೊ ಹಸಿವಿನಿಂದ ಇರಬೇಕಾಗುತ್ತದೆ ಎಂದು ಬರೆದಿದ್ದ. ಪೂರ್ಣ ಅಂಕ ಕೊಟ್ಟೆ.

ಕೊನೆಯ ತರಗತಿಯಲ್ಲಿ ‘ನಡೆದುಕೊಳ್ಳು’ ಎಂಬ ನನ್ನ ಮೆಚ್ಚಿನ ಶಬ್ದವೇ ಕೈಕೊಡುವ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯುತ್ತೇನೆ. ಕ್ರಿಸ್ತಶಕ 112ರ ಸುಮಾರಿಗೆ ಇಂದಿನ ಟರ್ಕಿಯಲ್ಲಿದ್ದ ರೋಮನರ ಬಿಥಿನಿಯಾ ಪ್ರಾಂತ್ಯದ ಅಧಿಕಾರಿ ಪ್ಲಿನಿ, ತಾವು ಕ್ರೈಸ್ತರಲ್ಲ ಎಂದವರನ್ನು ಪರೀಕ್ಷಿಸಿದ ಬಗೆಯನ್ನು ಚಕ್ರವರ್ತಿ ಟ್ರಾಜನ್‌ಗೆ ಬರೆದಿದ್ದಾನೆ: ದೇವರುಗಳನ್ನು ಪ್ರಾರ್ಥಿಸಬೇಕು, ಚಕ್ರವರ್ತಿಯ ವಿಗ್ರಹದ ಮುಂದೆ ಧೂಪ ಮತ್ತು ಮದ್ಯ ಅರ್ಪಿಸಬೇಕು, ಕ್ರಿಸ್ತನನ್ನು ಶಪಿಸಬೇಕು. ಚಿಟಿಕೆ ಧೂಪ ಹಾಕಿ ಬದುಕಿಕೊಳ್ಳಬಹುದಿತ್ತಲ್ಲ ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ನಿಜವಾದ ಕ್ರೈಸ್ತರನ್ನು ಹಾಗೆ ಮಾಡಿಸಲಾಗದೆಂಬ ಮಾತು ಪ್ಲಿನಿಯ ಕಿವಿಗೂ ಬಿದ್ದಿತ್ತು. ಅವರಿಗೆ ಆ ಚಿಟಿಕೆ ಧೂಪವೇ ಸಾಕ್ಷ್ಯವಾಗಿತ್ತು, ಮಾಡುವುದಕ್ಕೂ ನಂಬುವುದಕ್ಕೂ ನಡುವೆ ಅವರು ಜಾಗ ಬಿಟ್ಟಿರಲಿಲ್ಲ. ಇಷ್ಟಾದ ಮೇಲೆ, ಕ್ರಿಸ್ತಶಕ 250ರಲ್ಲಿ ರೋಮಿನ ಡೆಸಿಯಸ್ ಚಕ್ರವರ್ತಿಯ ಆಜ್ಞೆಯಂತೆ ಈಜಿಪ್ಟಿನ ಜನ ಮಾಡಿಸಿಕೊಂಡ, ಪಪೈರಸ್ ಹಾಳೆಯ ಪ್ರಮಾಣಪತ್ರಗಳ ಒಕ್ಕಣೆಯನ್ನು ಹೇಳುತ್ತೇನೆ: ನಾನು ಎಂದೂ ದೇವರುಗಳಿಗೆ ಬಲಿ ಕೊಡುತ್ತ ಬಂದವನು, ಈಗ ನಿಮ್ಮ ಎದುರಿಗೇ ಮದ್ಯ ಎರೆದೆ, ಬಲಿ ಕೊಟ್ಟೆ, ಪ್ರಸಾದ ತಿಂದೆ, ಇದಕ್ಕೆ ರುಜು ಹಾಕಿಕೊಡಿ. ‘ನಂಬುತ್ತೇನೆ’ ಎಂಬ ಕ್ರಿಯಾಪದವನ್ನು ಅದರಲ್ಲಿ ಹುಡುಕಿರೆಂದು ಹೇಳಿ ನಾನು ಹಾಜರಿ ಪುಸ್ತಕ ತೆರೆಯುತ್ತೇನೆ.